ಭಾವನ ಸೊಂಟ, ಬಾಯ್ಲರ್ ಬಾಯಿ

ವರ್ಷದ ಕೊನೆಯ ಹತ್ತು ದಿನ ಸಾಬೂನು ಕಾರ್ಖಾನೆಗೆ ರಜೆ. ಮೊದಲನೇ ದಿನವೇ ಅಕ್ಕ ಭಾವ ಬಸ್ಸಿಳಿದು ಮನೆಗೆ ಬಂದರು. ಅಕ್ಕನ ಕೈಯಲ್ಲಿ ಎರಡು ಚೀಲ, ಭಾವನ ಕೊರಳಲ್ಲಿ ಒಂದು ತಂತಿಯ ಬಳೆ. ಬಳೆಯೆಂದರೆ ಕೈಗೆ ಹಾಕಿಕೊಳ್ಳುವಂಥದ್ದಲ್ಲ. ಮೊಟ್ಟೆಯ ಆಕಾರದ್ದು, ಸಣಕಲು ಮನುಷ್ಯನೊಬ್ಬ ತಲೆಯಿಂದ ಕಾಲಿನವರೆಗೆ ತೂರಿ ಹೋಗುವಷ್ಟು ದೊಡ್ಡದು.

ಬಾಗಿಲು ತೆಗೆದವಳು ಮನೆಯ ಕಿರಿಮಗಳು. ಅವಳನ್ನು ಮನೆಯಲ್ಲೂ ಬೀದಿಯಲ್ಲೂ ಎಲ್ಲರೂ ಕರೆಯುವುದು ಡೈಲಾಗ್ ಅಂತ. ಚಿತ್ರಮಂದಿರದ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುವುದು ಅವಳ ಕೆಲಸ. ಮೂರು ವರ್ಷದಲ್ಲಿ ಒಂದು ಸಿನಿಮಾವನ್ನೂ ಪೂರ್ತಿ ನೋಡಿದವಳಲ್ಲ, ಎಲ್ಲವನ್ನೂ ಬಾಗಿಲ ಪರದೆಯ ಈಚೆ ನಿಂತು ಕೇಳಿಸಿಕೊಂಡವಳು. ಹೀಗಾಗಿ ಯಾವ ಹೀರೋಗೆ ಮೀಸೆ ಇದೆ, ಯಾರಿಗಿಲ್ಲ ಅನ್ನುವುದು ಅವಳಿಗೆ ಗೊತ್ತಿಲ್ಲ. ಆದರೆ ಯಾವ ಹೀರೋ ಯಾವ ಮಾತಿನ ಮಧ್ಯೆ ಉಸಿರೆಳೆದುಕೊಳ್ಳುತ್ತಾನೆ ಅನ್ನುವುದು ಬಾಯಿಪಾಠ.

"ಸರಪಳಿ ಹರ್ಕೊಂಡು ಬರೋ ಹೀರೋಗಳನ್ನ ಎಷ್ಟೋ ಜನಾನ ಕೇಳಿದೀನಿ ಭಾವ," ಎಂದಳು, ಗಂಟಲು ದಪ್ಪ ಮಾಡಿಕೊಂಡು. "ಮನೆಯಿಂದಾನೇ ಕಟ್ಕೊಂಡು ಬಂದಿರೋದು ನೀವೊಬ್ರೇ."

ಭಾವ ನಕ್ಕ. ಆದರೆ ಬಳೆಯನ್ನು ಕೊರಳಿಂದ ತೆಗೆದು ಗೋಡೆಯ ಮೊಳೆಗೆ ನೇತುಹಾಕಿದ ರೀತಿ ನೋಡಿದರೆ ಅದು ನಗುವ ವಸ್ತುವಲ್ಲವೆಂದು ಯಾರಿಗಾದರೂ ತಿಳಿಯುತ್ತಿತ್ತು.

ಸಂಗತಿ ಇಷ್ಟೇ. ಕಾರ್ಖಾನೆಗೆ ರಜೆಯೆಂದರೆ ಬಾಯ್ಲರ್‌ಗೂ ರಜೆ. ವರ್ಷವಿಡೀ ಕುದ್ದು ಕುದ್ದು ಅದರ ಒಳಮೈಗೆ ಸುಣ್ಣದಂಥ ಪದರ ಕಲ್ಲಾಗಿ ಕಚ್ಚಿಕೊಂಡಿರುತ್ತದೆ. ಬಾಯ್ಲರ್ ಆರಬೇಕು, ನೀರು ಇಳಿಯಬೇಕು, ಒಳಗೆ ಗಾಳಿಯಾಡಬೇಕು. ಹತ್ತನೇ ದಿನ ಬೆಳಿಗ್ಗೆ ಎಂಟಕ್ಕೆ ಒಬ್ಬ ಮನುಷ್ಯ ಒಳಗೆ ಹೋಗಿ ಆ ಕಲ್ಲನ್ನು ಸುತ್ತಿಗೆಯಿಂದ ತಟ್ಟಿ ಕೆಡವಬೇಕು. ಒಳಗೆ ಹೋಗಲು ಇರುವುದು ಒಂದೇ ಬಾಯಿ, ಮೊಟ್ಟೆಯಾಕಾರದ ಕಿಂಡಿ. ಇಡೀ ಕಾರ್ಖಾನೆಯಲ್ಲಿ ಆ ಕಿಂಡಿಯಲ್ಲಿ ತೂರುವವನು ಭಾವ ಒಬ್ಬನೇ. ಅಲ್ಲಿ ಅವನಿಗೆ ಕಡ್ಡಿ ಅಂತಲೇ ಹೆಸರು. ಒಂಬತ್ತು ವರ್ಷದಿಂದ ಅದು ಅವನ ಕೋಟೆ. ಮ್ಯಾನೇಜರ್ ಕೂಡ ಬಗ್ಗಿ ಕಿಂಡಿಗೆ ಬಾಯಿಟ್ಟು, ಎಲ್ಲಿಗೆ ಬಂತಪ್ಪಾ ಕೆಲಸ ಎಂದು ಮರ್ಯಾದೆಯಿಂದ ಕೇಳುವ ಒಂದೇ ಒಂದು ಜಾಗ.

ಕಳೆದ ವರ್ಷ ರಜೆ ಮುಗಿಸಿ ಹೋದಾಗ ಹೊಟ್ಟೆ ಕಿಂಡಿಯ ಅಂಚಿಗೆ ಒಂದಿಷ್ಟು ಉಜ್ಜಿತ್ತು. ಫೋರ್‌ಮನ್ ಅದನ್ನು ನೋಡಿದ್ದ. ಈ ಸಲ ಉಜ್ಜಿದರೆ ಹೊರಗಿನಿಂದ ಆಳು ಕರೆಸುತ್ತೇನೆ, ನೀನು ಪ್ಯಾಕಿಂಗ್ ವಿಭಾಗದಲ್ಲಿ ಸಾಬೂನಿಗೆ ಕಾಗದ ಸುತ್ತುತ್ತಾ ಕೂರು ಎಂದು ಮುಖಕ್ಕೆ ಹೇಳಿಬಿಟ್ಟಿದ್ದ. ಅದಕ್ಕೇ ಭಾವ ಹೊರಡುವ ಮುಂಚೆ ದಪ್ಪ ತಂತಿಯೊಂದನ್ನು ಕಿಂಡಿಯ ಅಂಚಿಗೆ ಹಿಡಿದು ಬಗ್ಗಿಸಿ, ತುದಿಗಳನ್ನು ಒಂದಕ್ಕೊಂದು ಹೊಸೆದು ಅಳತೆಯ ಬಳೆ ಮಾಡಿಕೊಂಡು ಬಂದಿದ್ದ. ದಿನಾ ಬೆಳಿಗ್ಗೆ ಅದರಲ್ಲಿ ತೂರುವುದು. ತೂರಿದರೆ ತಿನ್ನುವುದು, ತೂರದಿದ್ದರೆ ಉಪವಾಸ. ತೂಕದ ಯಂತ್ರ ಯಾಕೆ ಬೇಡ ಎಂದು ಅಪ್ಪ ಕೇಳಿದಾಗ, ಬಾಯ್ಲರ್ ತೂಕ ಕೇಳುವುದಿಲ್ಲ ಮಾವ, ಸೊಂಟ ಕೇಳುತ್ತದೆ ಎಂದ.

ಇದನ್ನೆಲ್ಲ ಅವನು ಹೇಳಿದ್ದು ಅಮ್ಮನ ಅಡುಗೆಮನೆಯ ಬಾಗಿಲಲ್ಲಿ ನಿಂತು. ಅಮ್ಮ ಕೇಳಿಸಿಕೊಂಡಳೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಅವಳು ಕೇಕಿನ ಮೇಲೆ ಕೆನೆ ಸುರಿಯುತ್ತಿದ್ದಳು.

ಅಮ್ಮನಿಗೆ ಪ್ರೀತಿ ತೋರಿಸಲು ಗೊತ್ತಿದ್ದ ದಾರಿ ಒಂದೇ, ಅದು ತಟ್ಟೆಯ ಮೂಲಕ ಹಾದು ಹೋಗುತ್ತಿತ್ತು. ಮೊದಲ ದಿನ ಬೆಣ್ಣೆಯಲ್ಲಿ ಹುರಿದ ಆಲೂಗಡ್ಡೆ. ಎರಡನೇ ದಿನ ಕೋಳಿ, ಅದರ ಹಿಂದೆಯೇ ಸಕ್ಕರೆ ಪಾಕದಲ್ಲಿ ಅದ್ದಿದ ಬ್ರೆಡ್ಡು, ಅದರ ಹಿಂದೆ ಹಾಲು, ಹಾಲಿನ ಮೇಲೆ ಬೆರಳು ದಪ್ಪದ ಕೆನೆ. ಸಾಕು ಅತ್ತೆ ಎಂದು ಭಾವ ತಟ್ಟೆಗೆ ಕೈ ಅಡ್ಡ ಹಿಡಿದರೆ ಆ ಬೆರಳುಗಳ ಸಂದಿಯಲ್ಲೇ ಬಡಿಸುವ ಕಲೆ ಅವಳಿಗೆ ಒಲಿದಿತ್ತು.

ಮೂರನೇ ದಿನ ಬೆಳಿಗ್ಗೆ ನಡುಮನೆಯಲ್ಲಿ ಎಲ್ಲರೂ ನೋಡುತ್ತಿರುವಾಗ ಬಳೆ ಭಾವನ ಹೊಟ್ಟೆಯ ಹತ್ತಿರ ಬಂದು ನಿಂತಿತು. ಉಸಿರು ಬಿಟ್ಟ, ಓರೆಯಾಗಿ ತಿರುಗಿದ, ತುದಿಗಾಲಲ್ಲಿ ಕುಣಿದ. ಬಳೆ ಕದಲಲಿಲ್ಲ. ಮತ್ತೆ ತಲೆಯ ಮೇಲಿಂದ ತೆಗೆದು ಮೊಳೆಗೆ ನೇತುಹಾಕಿ, ಇವತ್ತು ನನಗೆ ಬರೀ ನೀರು ಅತ್ತೆ ಎಂದುಬಿಟ್ಟ.

ಅಮ್ಮ ಅಳಿಯನ ತಟ್ಟೆ ಎತ್ತಿಟ್ಟಳು. ಒಲೆ ಆರಿಸಿ, ಹಿತ್ತಲಿಗೆ ಹೋಗಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆಯಲು ಕೂತಳು. ಮಧ್ಯಾಹ್ನ ಅವಳೂ ಊಟ ಮಾಡಲಿಲ್ಲ. ತನ್ನ ಕೈರುಚಿ ಅಳಿಯನಿಗೆ ಹಿಡಿಸಲಿಲ್ಲವೆಂದು ಅಕ್ಕನ ಹತ್ತಿರ ಹೇಳಿ ಮೂಗೊರೆಸಿಕೊಂಡಳಂತೆ. ಮನೆ ಬಿಕೋ ಅನ್ನತೊಡಗಿತು. ಅಕ್ಕ ಗಂಡನ ಮೇಲೆ ಮುಖ ಊದಿಸಿಕೊಂಡಳು, ಅಪ್ಪ ಪೇಪರಿನ ಹಿಂದೆ ಅಡಗಿದ. ಡೈಲಾಗ್‌ಗೆ ಸಾವಿನ ಮನೆಯ ಸೀನನ್ನಾದರೂ ತಡೆದುಕೊಳ್ಳುವ ಶಕ್ತಿ ಇತ್ತು, ಅಮ್ಮ ಸುಮ್ಮನಿರುವುದನ್ನು ತಡೆದುಕೊಳ್ಳುವ ಶಕ್ತಿ ಇರಲಿಲ್ಲ.

ಚಿತ್ರಮಂದಿರಕ್ಕೆ ಹೊರಡುವ ಮುಂಚೆ, ಎಲ್ಲರೂ ಮಲಗಿದ್ದ ಮಧ್ಯಾಹ್ನದಲ್ಲಿ, ಅವಳು ಕೊಳಾಯಿ ರಿಪೇರಿ ಮಾಡುವ ಅಪ್ಪನ ಚೀಲದಿಂದ ಇಕ್ಕಳ ತೆಗೆದಳು. ಬಳೆಯ ಹೊಸೆದ ಗಂಟನ್ನು ಹಿಡಿದು ಅರ್ಧ ಸುತ್ತು ಬಿಚ್ಚಿದಳು. ಬಳೆ ಒಂದು ಬೆರಳಿನಷ್ಟು ದೊಡ್ಡದಾಯಿತು. ಅರ್ಧ ಸುತ್ತು ತಂತಿಗೆ ಪ್ರಪಂಚವೇನೂ ಮುಳುಗುವುದಿಲ್ಲ, ನಾಳೆ ಮತ್ತೆ ಸರಿ ಮಾಡಿದರಾಯಿತು ಎಂದುಕೊಂಡು ಇಕ್ಕಳವನ್ನು ಜಾಗಕ್ಕಿಟ್ಟು ಹೊರಟಳು.

ನಾಲ್ಕನೇ ದಿನ ಬಳೆ ಭಾವನ ಹೊಟ್ಟೆ ದಾಟಿ ಕಾಲಿಗೆ ಬಿತ್ತು. ಒಂದು ದಿನದ ಉಪವಾಸಕ್ಕೇ ಇಳಿದುಹೋಯಿತಲ್ಲ ಎಂದು ಅವನು ತನ್ನ ಮೈಯನ್ನೇ ಕುದುರೆಯ ಹಾಗೆ ತಟ್ಟಿಕೊಂಡ. ಅಮ್ಮನ ಮುಖ ಅರಳಿತು. ಒಲೆ ಹೊತ್ತಿತು. ಹಿಂದಿನ ದಿನದ ಬಾಕಿಯನ್ನೂ ಸೇರಿಸಿ ಬಡಿಸಿದಳು.

ಐದನೇ ದಿನ ಬಳೆ ಮತ್ತೆ ತಡೆದೀತೆಂದು ಡೈಲಾಗ್ ಹಿಂದಿನ ಮಧ್ಯಾಹ್ನವೇ ಇನ್ನರ್ಧ ಸುತ್ತು ಬಿಚ್ಚಿಟ್ಟಿದ್ದಳು. ಆರನೇ ದಿನಕ್ಕೂ ಅಷ್ಟೇ. ಭಾವನ ಪ್ಯಾಂಟಿನ ಗುಂಡಿ ಹಾರಿ ಅಪ್ಪನ ಟೀ ಲೋಟಕ್ಕೆ ಬಿತ್ತು. ಅಕ್ಕ ಅದನ್ನು ಚಮಚದಲ್ಲಿ ಎತ್ತಿ ಗಂಡನ ಮೂಗಿನ ಮುಂದೆ ಹಿಡಿದು, ಇದೇನು ಹೇಳುತ್ತದೆ ಕೇಳಿಸಿಕೊಳ್ಳಿ ಎಂದಳು. ಬಾಯ್ಲರ್ ಕೆಲಸದವನು ಕಣ್ಣನ್ನೂ ನಂಬಬಾರದು ಗುಂಡಿಯನ್ನೂ ನಂಬಬಾರದು, ಅಳತೆಯನ್ನು ಮಾತ್ರ ನಂಬಬೇಕು ಎಂದು ಭಾವ ಅವಳಿಗೇ ಪಾಠ ಮಾಡಿದ. ಒಂಬತ್ತು ವರ್ಷ ಅಳತೆಯನ್ನು ನಂಬಿ ಬದುಕಿದ ಮನುಷ್ಯ. ಕನ್ನಡಿಯಲ್ಲಿ ಎರಡನೇ ಗದ್ದ ಇಣುಕುತ್ತಿದ್ದರೂ ಅವನಿಗೆ ಅದು ಬೆಳಕಿನ ದೋಷ.

ಡೈಲಾಗ್‌ಗೆ ಇದೆಲ್ಲ ಭಾರಿ ಮಜ. ಸಂಜೆ ಟಿಕೆಟ್ ಹರಿಯುವಾಗ ನೆನೆಸಿಕೊಂಡು ನಕ್ಕು, ಒಬ್ಬರ ಟಿಕೆಟ್ಟನ್ನು ನಾಲ್ಕು ಚೂರು ಮಾಡಿ ಬೈಸಿಕೊಂಡಳು.

ಏಳನೇ ದಿನ ಬೆಳಿಗ್ಗೆ ಭಾವ ಸ್ನಾನದಲ್ಲಿದ್ದಾಗ ಅವನ ಫೋನು ಬಡಿದುಕೊಂಡಿತು. ಎತ್ತಿಕೊಂಡವಳು ಡೈಲಾಗ್. ಆ ಕಡೆ ಫೋರ್‌ಮನ್. ಕಡ್ಡಿಯ ನಾದಿನಿ ಎಂದು ತಿಳಿದ ಮೇಲೆ ದನಿ ಮೆತ್ತಗಾಯಿತು. ಹೊರಗಿನ ಕಂಪನಿಯವರು ನಿನ್ನೆ ಒಬ್ಬ ಹುಡುಗನನ್ನು ಕರೆದುಕೊಂಡು ಬಂದಿದ್ದರಂತೆ. ಇಪ್ಪತ್ತೆರಡು ವರ್ಷ, ಮೈ ನೂಲಿನ ಎಳೆಯಂತೆ. ಕಿಂಡಿಯಲ್ಲಿ ಹೋಗಿ ಬಂದನಂತೆ, ಅಂಗಿಯೂ ಮುದುಡಲಿಲ್ಲವಂತೆ. ಮ್ಯಾನೇಜರ್‌ಗೆ ಹಿಡಿಸಿಬಿಟ್ಟಿದೆಯಂತೆ.

"ಹತ್ತನೇ ದಿನ ಎಂಟು ಗಂಟೆವರೆಗೆ ನಾನು ಹೇಗೋ ತಡ್ಕೊಂಡಿದೀನಮ್ಮ," ಎಂದ ಫೋರ್‌ಮನ್. "ಕಡ್ಡಿ ಒಳಗೆ ಹೋದ್ರೆ ಅವನ ಜಾಗ ಅವನಿಗೆ. ಹೋಗ್ಲಿಲ್ಲ ಅಂದ್ರೆ ಇನ್ನು ಜನ್ಮದಲ್ಲಿ ಬಾಯ್ಲರ್ ಹತ್ರ ಅವನ್ನ ಬಿಡಲ್ಲ. ಸಣ್ಣಗಿದಾನೆ ತಾನೆ?"

ಸಣ್ಣಗಿದ್ದಾರೆ ಎಂದಳು. ಆ ಮಾತು ಹೊರಬರುವಾಗ ಬಚ್ಚಲುಮನೆಯ ಬಾಗಿಲು ತೆರೆದು ಭಾವ ಹೊರಗೆ ಬಂದ. ಬಾಗಿಲಲ್ಲಿ ಓರೆಯಾಗಿ ಬಂದ. ವಾರದ ಹಿಂದೆ ನೇರವಾಗಿ ಬರುತ್ತಿದ್ದ.

ಅವಳು ಮಾಡಿದ ಮೊದಲ ಕೆಲಸ, ಬಳೆಯನ್ನು ಎತ್ತಿಕೊಂಡು ಟೆರೇಸಿಗೆ ಓಡಿದ್ದು. ಬಿಚ್ಚಿದ್ದನ್ನೆಲ್ಲ ಮತ್ತೆ ಬಿಗಿಯಬೇಕು. ಆದರೆ ಎಷ್ಟು ಬಿಚ್ಚಿದ್ದೆ? ಮೂರು ಸಲ ಅರ್ಧರ್ಧವೋ, ನಾಲ್ಕು ಸಲವೋ, ಆರನೇ ದಿನ ಮಾತ್ರ ಇರಲಿ ಎಂದು ಒಂದು ಪೂರ್ತಿ ಸುತ್ತೋ, ನೆನಪಾಗಲಿಲ್ಲ. ಇಕ್ಕಳದಲ್ಲಿ ಒಂದು ಸುತ್ತು ಬಿಗಿದಳು, ಜಾಸ್ತಿಯಾಯಿತೆನಿಸಿ ಬಿಚ್ಚಿದಳು, ಮತ್ತೆ ಬಿಗಿದಳು. ಆ ಕಡೆ ಈ ಕಡೆ ತಿರುಗಿ ತಿರುಗಿ ಬಸವಳಿದಿದ್ದ ತಂತಿ ಟಪ್ ಎಂದು ಗಂಟಿನಲ್ಲೇ ಮುರಿಯಿತು. ಕೈಯಲ್ಲಿ ಉಳಿದದ್ದು ಬಾಯಿ ಬಿಟ್ಟ ಬಳೆ.

ಸುಳ್ಳು ಹೇಳುವ ದಾರಿಗಳು ಅವಳಿಗೆ ಹತ್ತಾರು ಗೊತ್ತಿದ್ದವು. ಬೆಕ್ಕು ಬೀಳಿಸಿತು ಎನ್ನಬಹುದಿತ್ತು. ಆದರೆ ಬೆಕ್ಕಿನ ಮೇಲೆ ಹಾಕಿದರೆ ಭಾವನ ಸೊಂಟ ಇಳಿಯುವುದಿಲ್ಲವಲ್ಲ. ಅವಳು ಮುರಿದ ತಂತಿ ಹಿಡಿದು ಮೆಟ್ಟಿಲಿಳಿದಳು. ಭಾವ ನಡುಮನೆಯಲ್ಲಿ ಬೆಣ್ಣೆ ಹಚ್ಚಿದ ಮೂರನೇ ಬ್ರೆಡ್ಡನ್ನು ಬಾಯಿಗೆ ಒಯ್ಯುತ್ತಿದ್ದ.

"ಭಾವ, ಅದನ್ನ ಕೆಳಗಿಡಿ," ಎಂದಳು. ದನಿಯಲ್ಲಿ ಯಾವ ಹೀರೋನೂ ಇರಲಿಲ್ಲ. "ಬಳೆ ನಾನು ದೊಡ್ಡದು ಮಾಡಿದೆ. ಮೂರನೇ ದಿನದಿಂದ. ಅಮ್ಮ ಊಟ ಬಿಟ್ಟಿದ್ಲು ಅಂತ."

ಭಾವ ಬ್ರೆಡ್ಡನ್ನು ತಟ್ಟೆಗಿಟ್ಟು, ತಂತಿಯನ್ನು ಇಸಿದುಕೊಂಡು, ಮುರಿದ ತುದಿಯನ್ನು ಹೆಬ್ಬೆರಳಿನಿಂದ ಸವರಿದ.

"ಎಷ್ಟು?" ಎಂದ. ಕೋಪದ ಪ್ರಶ್ನೆಯಲ್ಲ ಅದು, ಕೆಲಸದವನ ಪ್ರಶ್ನೆ.

"ಗೊತ್ತಿಲ್ಲ ಭಾವ. ಎಣಿಸ್ಲಿಲ್ಲ."

ಆಮೇಲೆ ಫೋರ್‌ಮನ್ ಹೇಳಿದ್ದನ್ನೂ ಹೇಳಿದಳು. ಭಾವ ಬೈದಿದ್ದರೆ ಅವಳಿಗೆ ಹಾಯೆನಿಸುತ್ತಿತ್ತು. ಅವನು ಬೈಯಲಿಲ್ಲ. ಎದ್ದು ಹೋಗಿ ಅಪ್ಪನ ಹಳೆಯ ಬೂಟು ಹಾಕಿಕೊಂಡು ಬೀದಿಗಿಳಿದ. ಆ ಹೊತ್ತಿನಿಂದ ಅವಳ ಜೊತೆ ಮಾತು ಬಂದ್. ಉಪ್ಪು ಬೇಕಾದರೆ ಅಕ್ಕನಿಗೆ ಹೇಳುತ್ತಿದ್ದ, ಅವಳ ಮುಂದೆಯೇ ಉಪ್ಪಿನ ಡಬ್ಬಿ ಇದ್ದರೂ.

ಉಳಿದದ್ದು ಮೂರು ದಿನ. ಅಳತೆ ಇಲ್ಲ. ಕಾರ್ಖಾನೆಗೇ ಹೋಗಿ ಅಳೆಯೋಣವೆಂದರೆ ಫೋರ್‌ಮನ್ ಕಣ್ಣಿಗೆ ಆ ಹೊಟ್ಟೆ ಬೀಳುವಂತಿಲ್ಲ. ಎಷ್ಟು ಇಳಿಯಬೇಕೆಂದು ಗೊತ್ತಿಲ್ಲದೆ ಇಳಿಯಬೇಕಾದ ಪರಿಸ್ಥಿತಿ, ಅದೇ ಅವನನ್ನು ಹೆಚ್ಚು ಕಾಡಿದ್ದು. ಬೆಳಿಗ್ಗೆ ನಾಲ್ಕು ಮೈಲಿ ನಡೆದ, ಸಂಜೆ ನಾಲ್ಕು ಮೈಲಿ ನಡೆದ, ನಡುವೆ ಟೆರೇಸಿನ ಮೆಟ್ಟಿಲು ಹತ್ತಿ ಇಳಿದು ಹತ್ತಿ ಇಳಿದು ಕೆಳಗಿನ ಬಾಡಿಗೆಯವರ ಗಡಿಯಾರವನ್ನು ಗೋಡೆಯಿಂದ ಬೀಳಿಸಿದ.

ಆಶ್ಚರ್ಯವೆಂದರೆ ಅಮ್ಮ. ತನ್ನಿಂದಲೇ ಆದ ಅನಾಹುತವೆಂದು ತಿಳಿದಾಗ ಅಳಬಹುದೆಂದು ಎಲ್ಲರೂ ಕಾದರು. ಅವಳು ಸೆರಗು ಸಿಕ್ಕಿಸಿಕೊಂಡು ಮೂರು ದಿನ ಅಳಿಯನಿಗೆ ಬೇಯಿಸಿದ ಎಲೆಕೋಸು, ಬೇಯಿಸಿದ ಹುರುಳಿಕಾಯಿ ಕೊಟ್ಟಳು. ಬಡಿಸುವಾಗ ಮಾತ್ರ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ಆದರೆ ಕೈ ಸುಮ್ಮನಿರಬೇಕಲ್ಲ. ಅಳಿಯನಿಗೆಂದು ತಂದಿಟ್ಟ ಬೆಣ್ಣೆ, ಸಕ್ಕರೆ, ಕೆನೆಯೆಲ್ಲ ಬೀದಿಯ ಪಾಲಾಯಿತು. ಅಂಚೆಯವನು ಕಾಗದವಿಲ್ಲದಿದ್ದರೂ ಬಂದು ಗೇಟಿನ ಹತ್ತಿರ ಕೆಮ್ಮತೊಡಗಿದ. ಇಸ್ತ್ರಿಯವನು ಕೊಡದ ಬಟ್ಟೆಯನ್ನು ಕೇಳಿಕೊಂಡು ಬಂದು ಕೇಕು ತಿಂದುಹೋದ. ಮೂರು ದಿನದಲ್ಲಿ ಭಾವನ ಎರಡನೇ ಗದ್ದ ಮಾಯವಾಗಿ ಅಂಚೆಯವನಿಗೆ ಹತ್ತಿಕೊಂಡಿತು.

ಹತ್ತನೇ ದಿನ ನಸುಕಿಗೆ ಭಾವ ಮೊದಲ ಬಸ್ಸಿಗೆ ಹೊರಟ. ಕೆಲಸ ಮುಗಿಸಿ ಹೊರಬಂದ ಮೇಲೆ ತಿನ್ನಲೆಂದು ಅಮ್ಮ ನಾಲ್ಕು ಅಂತಸ್ತಿನ ಡಬ್ಬಿ ಕಟ್ಟಿದ್ದಳು. ಅದನ್ನು ಅಳಿಯನ ಕೈಗೆ ಕೊಟ್ಟರೆ ದಾರಿಯಲ್ಲಿ ಮೂಗಿಗೆ ವಾಸನೆ ಬಡಿಯುತ್ತದೆ, ಯಾರಾದರೂ ಹೊತ್ತು ಹೋಗಬೇಕೆಂದಳು. ಡೈಲಾಗ್ ಕೈಯೊಡ್ಡಿದಳು. ಅವಳಿಗೆ ಸಂಜೆಯವರೆಗೆ ಕೆಲಸವಿರಲಿಲ್ಲ. ಭಾವ ಬೇಡವೆನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಬಸ್ಸಿನಲ್ಲಿ ಅವನು ಮುಂದಿನ ಸೀಟು, ಅವಳು ಹಿಂದಿನ ಸೀಟು.

ಬಾಯ್ಲರ್ ಮನೆಯಲ್ಲಿ ಸಾಬೂನಿನ ವಾಸನೆಯ ಕೆಳಗೆ ತಣ್ಣನೆಯ ಕಬ್ಬಿಣದ ವಾಸನೆಯಿತ್ತು. ಬಾಯ್ಲರ್ ಮಲಗಿದ ಆನೆಯ ಹಾಗೆ ಬಿದ್ದುಕೊಂಡಿತ್ತು. ಅದರ ಮುಖದಲ್ಲಿ ಆ ಕಿಂಡಿ. ಡೈಲಾಗ್ ಅದನ್ನು ನೋಡುತ್ತಿದ್ದುದು ಅದೇ ಮೊದಲು. ಇಷ್ಟೇನಾ ಎಂದು ಭಾವನ ಸೊಂಟದ ಕಡೆ ನೋಡಿದಳು. ಫೋರ್‌ಮನ್ ಅಗಲವಾದ ಆಸಾಮಿ, ಅವನ ಒಂದು ಭುಜವೂ ಅದರಲ್ಲಿ ಹೋಗುವಂತಿರಲಿಲ್ಲ. ಪಕ್ಕದಲ್ಲಿ ಕಂಬಕ್ಕೊರಗಿ ಚೂಯಿಂಗ್ ಗಮ್ ಅಗಿಯುತ್ತಾ ನಿಂತಿದ್ದವನೇ ಆ ನೂಲು ಮೈಯವನು. ಕಂಬ ಯಾವುದು ಅವನು ಯಾವುದು ಎಂದು ಒಂದು ಕ್ಷಣ ಗೊತ್ತಾಗುವಂತಿರಲಿಲ್ಲ.

ಭಾವ ಅಂಗಿ ಕಳಚಿ, ಮೈಗೆ ಅಂಟುವ ಕೆಲಸದ ಬಟ್ಟೆ ಹಾಕಿಕೊಂಡ. ಎರಡೂ ಕೈ ಮುಂದೆ ಚಾಚಿ ಕಿಂಡಿಗೆ ತೂರಿದ. ತಲೆ ಹೋಯಿತು. ಭುಜ ಓರೆಯಾಗಿ ಹೋಯಿತು. ಎದೆ ಹೋಯಿತು. ಹೊಟ್ಟೆಯ ಹತ್ತಿರ ನಿಂತಿತು.

ಹೊರಗೆ ಉಳಿದದ್ದು ಭಾವನ ಹಿಂಭಾಗ ಮತ್ತು ಎರಡು ಕಾಲು. ಕಾಲು ಒದೆದವು, ಮೈ ಆ ಕಡೆ ಈ ಕಡೆ ಹೊರಳಿತು. ಒಂದಂಗುಲವೂ ಮುಂದಕ್ಕಿಲ್ಲ.

"ಉಸಿರು ಬಿಡೋ ಕಡ್ಡಿ," ಎಂದ ಫೋರ್‌ಮನ್. ಆಮೇಲೆ ಡೈಲಾಗ್ ಕಡೆ ತಿರುಗಿ, ಗಾಬರಿಯಾದಾಗ ಮನುಷ್ಯ ಉಸಿರು ಹಿಡಿದುಬಿಡುತ್ತಾನೆ, ಹೊಟ್ಟೆ ಹಲಗೆಯಾಗುತ್ತದೆ, ಎಷ್ಟು ಸಣ್ಣಗಿದ್ದರೂ ಸಿಕ್ಕಿಕೊಳ್ಳುತ್ತಾನೆ ಎಂದು ತಗ್ಗಿದ ದನಿಯಲ್ಲಿ ವಿವರಿಸಿದ. ಗಡಿಯಾರ ನೋಡಿದ. ಎಂಟಕ್ಕೆ ನಾಲ್ಕು ನಿಮಿಷವಿತ್ತು. ನೂಲು ಮೈಯವನು ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದು ಅಂಗಿಯ ತೋಳು ಮಡಿಚತೊಡಗಿದ.

ಕಬ್ಬಿಣದ ಒಳಗಿನಿಂದ ಭಾವನ ಉಸಿರು ಕೇಳಿಸುತ್ತಿತ್ತು. ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಪರದೆಯ ಈಚೆ ನಿಂತು ಮೂರು ವರ್ಷ ಉಸಿರು ಕೇಳಿದವಳಿಗೆ ಅದು ಬೇರೆಯವರಿಗಿಂತ ಚೆನ್ನಾಗಿ ಕೇಳಿಸಿತು. ಇನ್ನೂ ಸಿಟ್ಟಾಗಬಹುದು, ಇಡೀ ಜನ್ಮಕ್ಕೆ ಮಾತು ಬಿಡಬಹುದು. ಆದರೂ ಅವಳು ಡಬ್ಬಿ ಕೆಳಗಿಟ್ಟು, ಕಿಂಡಿಯ ಪಕ್ಕದಲ್ಲಿ ಮಂಡಿಯೂರಿ, ಗಂಟಲು ದಪ್ಪ ಮಾಡಿಕೊಂಡಳು.

"ಭಾವ, ಒಂದು ಮಾತು. ಹೀರೋ ಎಂಟ್ರಿ ಅಂದ್ರೆ ಮೊದ್ಲು ಬೂಟು ತೋರಿಸ್ತಾರೆ, ಆಮೇಲೆ ಮುಖ ತೋರಿಸ್ತಾರೆ. ಇಂಥ ಎಂಟ್ರಿ ನಾನು ಕೇಳೇ ಇಲ್ಲ. ಮುಖ ಒಳಗಡೆ, ಮಿಕ್ಕಿದ್ದೆಲ್ಲ ನಮ್ಮ ಕಡೆ. ವಿಲನ್ ಇಲ್ಲೇ ಚೂಯಿಂಗ್ ಗಮ್ ಹಾಕ್ಕೊಂಡು ನಿಂತಿದಾನೆ. ನಿಮ್ಮ ಯಾವ ಭಾಗದ ಜೊತೆ ಫೈಟ್ ಮಾಡ್ಬೇಕು ಅಂತ ಕೇಳ್ತಿದಾನೆ. ಏನ್ ಹೇಳ್ಲಿ?"

ಬಾಯ್ಲರ್‌ನ ಹೊಟ್ಟೆಯೊಳಗೆ ಗುಳುಕ್ ಎಂದು ಏನೋ ಕದಲಿತು. ಕಾಲುಗಳು ನಡುಗಿದವು. ಫೋರ್‌ಮನ್ ಹೆದರಿ, ಏನಾಯಿತೋ ಎಂದ. ಅಷ್ಟರಲ್ಲಿ ನಗು ಹೊರಟಿತು. ತಡೆದು ತಡೆದು ಸೋತವನ ನಗು. ಕಬ್ಬಿಣದ ಗೋಡೆಗೆ ಬಡಿದು ನಾಲ್ಕು ಜನ ನಕ್ಕ ಹಾಗೆ ಕೇಳಿಸಿತು. ನಕ್ಕು ನಕ್ಕು ಅವನ ಎದೆಯಲ್ಲಿದ್ದ ಗಾಳಿಯೆಲ್ಲ ಖಾಲಿಯಾಯಿತು, ಹಲಗೆಯಾಗಿದ್ದ ಹೊಟ್ಟೆ ಒದ್ದೆ ಬಟ್ಟೆಯಾಯಿತು. ಸರ್ರನೆ ಜಾರಿದ. ಸೊಂಟ ಹೋಯಿತು, ಮಂಡಿ ಹೋಯಿತು, ಕೊನೆಗೆ ಎರಡು ಪಾದ ಕಿಂಡಿಯ ಅಂಚಿಗೊಮ್ಮೆ ತಾಗಿ ಒಳಗೆ ಮರೆಯಾದವು. ಒಳಗೆ ಧೊಪ್ಪೆಂದು ಬಿದ್ದ ಸದ್ದು, ಅದರ ಮೇಲೆ ಇನ್ನೂ ಮುಗಿಯದ ನಗು.

ಫೋರ್‌ಮನ್ ಗಡಿಯಾರ ನೋಡಿ, ಎಂಟಕ್ಕೆ ಇನ್ನೂ ಎರಡು ನಿಮಿಷವಿದೆ ಎಂದು ಘೋಷಿಸಿ, ನೂಲು ಮೈಯವನ ಬೆನ್ನು ತಟ್ಟಿ ಮನೆಗೆ ಹೋಗಪ್ಪ ಎಂದ. ಅವನು ಮಡಿಚಿದ ತೋಳನ್ನು ಮತ್ತೆ ಬಿಡಿಸಿಕೊಳ್ಳುತ್ತಾ, ಯಾವ ಭಾಗ ಅಂತ ನಾನೇನೂ ಕೇಳಿರಲಿಲ್ಲವಲ್ಲ ಎಂದು ಗೊಣಗುತ್ತಾ ಹೋದ.

ಕಿಂಡಿಯಲ್ಲಿ ಒಂದು ಕೈ ಕಾಣಿಸಿಕೊಂಡಿತು. ಅಂಗೈ ಮೇಲಾಗಿ ಚಾಚಿತ್ತು.

"ಲೈಟ್ ಕೊಡು," ಎಂದ ಭಾವ. ಮೂರು ದಿನದ ಮೇಲೆ ಅವಳೊಂದಿಗೆ ಆಡಿದ ಮೊದಲ ಮಾತು.

ಕೊಟ್ಟಳು. ಕೈ ಮತ್ತೆ ಬಂತು. ಸುತ್ತಿಗೆ ಕೊಟ್ಟಳು. ಮೂರನೇ ಸಲ ಕೈ ಬಂದಾಗ ಏನು ಕೊಡಬೇಕೆಂದು ತಿಳಿಯದೆ ಸುಮ್ಮನೆ ನೋಡಿದಳು. ಆ ಕೈ ಅವಳ ನೆತ್ತಿಯನ್ನು ಹುಡುಕಿ ಒಂದು ಮೊಟಕಿ ಒಳಗೆ ಹೋಯಿತು.

"ಇನ್ನೊಂದ್ಸಲ ನನ್ನ ಅಳತೆ ಮುಟ್ಟಿದ್ರೆ ನಿನ್ನ ಒಳಗೆ ಹಾಕಿ ಬೋಲ್ಟ್ ಬಿಗಿದುಬಿಡ್ತೀನಿ."

"ಸರಿ ಭಾವ," ಎಂದಳು. ಕಣ್ಣು ಯಾಕೋ ಮಂಜಾಯಿತು, ಸಾಬೂನಿನ ಕಾರ್ಖಾನೆಯಲ್ಲವೇ ಎಂದುಕೊಂಡು ಒರೆಸಿಕೊಂಡಳು.

ಒಳಗೆ ಸುತ್ತಿಗೆ ಮಾತಾಡತೊಡಗಿತು. ಟಣ್ ಟಣ್ ಎಂದು ಕಲ್ಲಿನ ಹೆಕ್ಕಳಿಕೆ ಉದುರುವ ಸದ್ದು. ಹತ್ತು ಗಂಟೆಗೆ ಮ್ಯಾನೇಜರ್ ಬಂದು, ಬಗ್ಗಿ, ಕಿಂಡಿಗೆ ಬಾಯಿಟ್ಟು, ಎಲ್ಲಿಗೆ ಬಂತಪ್ಪಾ ಕೆಲಸ ಎಂದು ಕೇಳಿ ಹೋದ. ಮಧ್ಯಾಹ್ನದ ಹೊತ್ತಿಗೆ ಫೋರ್‌ಮನ್‌ನ ಕಣ್ಣು ಡಬ್ಬಿಯ ಮೇಲೆ ನೆಟ್ಟಿತು. ಏನಿದೆಯಮ್ಮ ಎಂದು ಕೇಳಿದ. ಡೈಲಾಗ್ ಮೇಲಿನ ಅಂತಸ್ತಿನ ಮುಚ್ಚಳ ತೆಗೆದು ತೋರಿಸಿದಳು. ಬೆಣ್ಣೆಯಲ್ಲಿ ಹುರಿದ ಆಲೂಗಡ್ಡೆಯ ವಾಸನೆ ಬಾಯ್ಲರ್ ಮನೆಯನ್ನು ಒಂದು ಸುತ್ತು ಹಾಕಿ ಕಿಂಡಿಯೊಳಗೂ ಇಳಿಯಿತು. ಸುತ್ತಿಗೆ ನಿಂತಿತು.

"ಮುಚ್ಚು ಅದನ್ನ," ಎಂದಿತು ಬಾಯ್ಲರ್. "ನಾನು ಹೊರಗೂ ಬರ್ಬೇಕಲ್ಲ."

ಮುಚ್ಚುವಷ್ಟರಲ್ಲೇ ಅವಳ ಫೋನು ಬಡಿದುಕೊಂಡಿತು. ಅಮ್ಮ. ಒಳಗೆ ಹೋದರಾ ಎಂದೂ ಕೇಳಲಿಲ್ಲ, ಕೆಲಸ ಉಳಿಯಿತಾ ಎಂದೂ ಕೇಳಲಿಲ್ಲ. ಅವಳ ಪ್ರಶ್ನೆ ಒಂದೇ, ಅಳಿಯಂದ್ರು ಊಟ ಮಾಡಿದ್ರಾ.